ಖಾಲಿ ಖಾನೆಯಲ್ಲಿ 13 ಯಾಕೆ ಬಂತು? ಅನುಪಾತ ಕೋಷ್ಟಕದ ದೋಷ ನಿವಾರಣೆ

ಮೊದಲು ಈ ಕೋಷ್ಟಕ ನೋಡಿ. ಚುರುಮುರಿಗೆ ಗೊಜ್ಜು ಕಲಸಿ ಮಾಡುವ ಗಿರ್ಮಿಟ್ ಲೆಕ್ಕ. ಹುಬ್ಬಳ್ಳಿಯ ದುರ್ಗದಬೈಲಿನ ತಿಂಡಿ ಗಾಡಿಗಳ ಅಳತೆ ಅಲ್ಲ ಇದು. ನಮ್ಮ ಮನೆಯ ಬಟ್ಟಲು, ನಮ್ಮ ಮನೆಯ ಚಮಚ.

| ಚುರುಮುರಿ (ಬಟ್ಟಲು) | 2 | 4 | 6 | 10 |
|---|---|---|---|---|
| ಗೊಜ್ಜು (ಚಮಚ) | 3 | 6 | 9 | ? |

ಹುಬ್ಬಳ್ಳಿಯ ಬೆಂಗೇರಿ ಕಡೆ ನಮ್ಮ ಮನೆ. ಸಂಜೆ ಪಡಸಾಲೆಯಲ್ಲಿ ಆರನೇ, ಏಳನೇ ಕ್ಲಾಸಿನ ಎಂಟು-ಹತ್ತು ಮಕ್ಕಳು ಕೂತಿರುತ್ತಾರೆ. ಈ ಕೋಷ್ಟಕ ಕೊಟ್ಟ ದಿನ ಒಂದೇ ಖಾನೆಗೆ ಐದು ಉತ್ತರ ಬಂದವು. 11, 12, 13, 15. ಐದನೆಯದು ಮೂಲೆಯಿಂದ ಬಂತು: "6.66 ಆತ್ರಿ ಅಕ್ಕಾರ, ಮುಗಿಯವಲ್ದು."

15 ಸರಿ. ಉಳಿದ ನಾಲ್ಕಕ್ಕೂ ಹಿಂದೆಲ್ಲಾ ನಾನು ಒಂದೇ ಮದ್ದು ಕೊಡುತ್ತಿದ್ದೆ. ಕೆಂಪು ಗೆರೆ ಹಾಕೋದು, ಪಕ್ಕದಲ್ಲಿ ಅಡ್ಡ ಗುಣಾಕಾರ ಮಾಡಿ ತೋರಿಸೋದು, "ತಿಳೀತಾ?" ಅನ್ನೋದು. ಅವರು "ತಿಳೀತ್ರಿ" ಅನ್ನುತ್ತಿದ್ದರು. ಮರುದಿನ ಅದೇ ಹುಡುಗ, ಅದೇ ತಪ್ಪು.

ನಮ್ಮ ಮಾವ ಪಂಪು ರಿಪೇರಿ ಮಾಡುತ್ತಾರೆ. ಮನೆ ಪಂಪು ಕೆಟ್ಟಿದೆ ಅಂತ ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: "ಗುಂಯ್ ಅಂತೈತೋ, ಸುಮ್ಕ ಕುಂತೈತೋ?" ಗುಂಯ್ ಅಂದು ತಿರುಗದಿದ್ದರೆ ಕರೆಂಟು ಬರುತ್ತಿದೆ ಅಂತ, ಆಗ ಕೆಪಾಸಿಟರ್ ನೋಡಬೇಕು. ಸುಮ್ಮನೆ ಕೂತಿದ್ದರೆ ಮೊದಲು ವೈರು, ಸ್ವಿಚ್ಚು. ಎರಡಕ್ಕೂ ಪಂಪು ಬಿಚ್ಚಿ ಕೂರುವವನು ಅರ್ಧ ದಿನ ಕಳೆದುಕೊಳ್ಳುತ್ತಾನೆ. ನಾನು ಮಾಡುತ್ತಿದ್ದದ್ದು ಅದೇ. ತಪ್ಪು ಉತ್ತರ ಗುಂಯ್ ಅಂತಿತ್ತು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಈಗ ಕೇಳಿಸಿಕೊಳ್ಳೋಣ.

13 ಬಂದಿದ್ದರೆ

ಹುಡುಗನ ದಾರಿ ಹೀಗೆ: ಮೇಲೆ 6ರಿಂದ 10ಕ್ಕೆ ಹೋಗಲು 4 ಕೂಡಿಸಬೇಕು. ಹಾಗಾದರೆ ಕೆಳಗೂ 9ಕ್ಕೆ 4 ಕೂಡಿಸಬೇಕು. 13. "ಮ್ಯಾಲಿನವ್ರಿಗೆ ನಾಕು ಕೊಟ್ರ ಕೆಳಗಿನವ್ರಿಗೂ ನಾಕು ಕೊಡಬೇಕಲ್ರಿ" ಅಂದ. ನ್ಯಾಯ ಅವನದೇ, ಲೆಕ್ಕ ಮಾತ್ರ ಬೇರೆ.

ಇಂಥವನಿಗೆ "ಕೂಡಿಸಬಾರದು, ಗುಣಿಸಬೇಕು" ಅಂತ ಹೇಳಿದರೆ ಅವನು ಅದನ್ನು ಬಾಯಿಪಾಠ ಮಾಡುತ್ತಾನೆ, ನಂಬುವುದಿಲ್ಲ. ಅವನ ನಿಯಮವನ್ನೇ ಹಿಂದಕ್ಕೆ ಓಡಿಸಿ. 6ರಿಂದ 4ಕ್ಕೆ ಬಂದರೆ 2 ಕಡಿಮೆ. ಹಾಗಾದರೆ ಗೊಜ್ಜು 9ರಿಂದ 7 ಆಗಬೇಕಿತ್ತು. ಕೋಷ್ಟಕದಲ್ಲಿ ಎಷ್ಟಿದೆ? 6. ನಿಯಮ ಅಲ್ಲೇ ಮುರಿದು ಬೀಳುತ್ತದೆ. ನಾವು ತಪ್ಪು ಅನ್ನಬೇಕಾಗಿಲ್ಲ, ಕೋಷ್ಟಕವೇ ಅನ್ನುತ್ತದೆ.

ಆಮೇಲೆ ಒಂದು ಪ್ರಶ್ನೆ ಕೇಳಿ. ಹೆಚ್ಚಿಗೆ ಬಂದ ಆ 4 ಬಟ್ಟಲು ಚುರುಮುರಿಗೆ ಗೊಜ್ಜು ಎಷ್ಟು ಬೇಕು? ಉತ್ತರ ಹುಡುಕಲು ಎಲ್ಲೂ ಹೋಗಬೇಕಾಗಿಲ್ಲ, ಕೋಷ್ಟಕದ ಎರಡನೇ ಕಂಬಸಾಲಿನಲ್ಲೇ ಇದೆ: 4ಕ್ಕೆ 6. ಹಾಗಾದರೆ 9 ಕೂಡಿಸು 6, ಉತ್ತರ 15. ಹುಡುಗ ಕೂಡಿಸಿಯೇ ಸರಿ ಉತ್ತರಕ್ಕೆ ಬಂದ!

ಇದನ್ನು ನಾನು ತಡವಾಗಿ ಕಲಿತೆ. ಅನುಪಾತದ ಕೋಷ್ಟಕದಲ್ಲಿ ಕೂಡಿಸುವುದು ಪಾಪ ಅಲ್ಲ. ಕಂಬಸಾಲಿಗೆ ಕಂಬಸಾಲನ್ನೇ ಪೂರ್ತಿ ಕೂಡಿಸಬಹುದು: 6 ಮತ್ತು 4 ಸೇರಿ 10, 9 ಮತ್ತು 6 ಸೇರಿ 15. ಮೇಲೊಂದು ಸಂಖ್ಯೆ ಕೂಡಿಸಿ ಕೆಳಗೂ ಅದೇ ಸಂಖ್ಯೆ ಕೂಡಿಸುವುದು ಮಾತ್ರ ನಡೆಯುವುದಿಲ್ಲ. ಯಾಕೆಂದರೆ 4 ಬಟ್ಟಲು ಮತ್ತು 4 ಚಮಚ ಒಂದೇ ಅಲ್ಲ. ಈ ಸಣ್ಣ ವ್ಯತ್ಯಾಸ ಹೇಳದೆ "ಕೂಡಿಸಬೇಡಿ" ಅಂತ ಬೆದರಿಸಿದರೆ ಮಕ್ಕಳ ಕೈಯಲ್ಲಿದ್ದ ಒಳ್ಳೆ ಸಾಮಾನನ್ನೇ ನಾವು ಕಸಿದುಕೊಂಡಂತೆ.

12 ಬಂದಿದ್ದರೆ

ಇದು 13ಕ್ಕಿಂತ ಬೇರೆ ರೋಗ. ಒಂದೇ ಮಾತ್ರೆ ಕೊಡಬೇಡಿ.

12 ಬರೆದ ಹುಡುಗಿ ಕೆಳಗಿನ ಸಾಲನ್ನು ಮಾತ್ರ ನೋಡಿದ್ದಾಳೆ. 3, 6, 9. ಮುಂದಿನದು 12 ಅಲ್ವಾ? ಮೂರರ ಮಗ್ಗಿ. ಮೇಲಿನ ಸಾಲಿನಲ್ಲಿ 6 ಆದ ಮೇಲೆ 8 ಬರಲಿಲ್ಲ, 10 ಬಂತು ಅನ್ನೋದು ಅವಳ ಕಣ್ಣಿಗೆ ಬಿದ್ದಿಲ್ಲ. ಮದ್ದು ಸುಲಭ: 6 ಮತ್ತು 10ರ ನಡುವೆ ಪೆನ್ಸಿಲಿನಲ್ಲಿ 8ರ ಕಂಬಸಾಲು ಬರೆಸಿ. 8ಕ್ಕೆ 12, 10ಕ್ಕೆ 15. ಒಂದು ನಿಮಿಷದ ಕೆಲಸ.

ಆದರೆ ಈ ದೋಷ ಅಡಗಿ ಕೂರುವ ಜಾತಿಯದು. ಮೇಲೆ 2, 4, 6, 8 ಅಂತ ಸಾಲಾಗಿ ಕೊಟ್ಟ ಕೋಷ್ಟಕಗಳಲ್ಲಿ ಈ ಹುಡುಗಿಗೆ ಹತ್ತಕ್ಕೆ ಹತ್ತು ಬರುತ್ತದೆ. ಅನುಪಾತ ಬರುತ್ತದೆ ಅಂತ ನಾವು ಮುಂದೆ ಹೋಗುತ್ತೇವೆ. ಅವಳಿಗೆ ಬರುತ್ತಿದ್ದದ್ದು ಮಗ್ಗಿ. ಅದಕ್ಕೇ ನಾನು ಕೋಷ್ಟಕ ಬರೆಯುವಾಗ ಒಂದಾದರೂ ಜಾಗದಲ್ಲಿ ಮೆಟ್ಟಿಲು ತಪ್ಪಿಸುತ್ತೇನೆ. 5, 2, 9 ಅಂತ ಹಿಂದುಮುಂದಾಗಿ ಕೊಟ್ಟರೆ ಇನ್ನೂ ಒಳ್ಳೇದು.

ಅಂದ ಹಾಗೆ, ಕಂಪ್ಯೂಟರೂ ಇದೇ ತಪ್ಪು ಮಾಡುತ್ತದೆ. ಎಕ್ಸೆಲ್‌ನಲ್ಲಿ 6, 9 ಬರೆದು ಎರಡೂ ಖಾನೆ ಹಿಡಿದು ಮೂಲೆಯಿಂದ ಎಳೆದರೆ 12, 15 ಅಂತ ತುಂಬುತ್ತಾ ಹೋಗುತ್ತದೆ. ಮೇಲಿನ ಸಾಲಿನಲ್ಲಿ ಏನಿದೆ ಅಂತ ಅದು ನೋಡುವುದೇ ಇಲ್ಲ. ಖಾಲಿ ಖಾನೆ ತುಂಬಲು ಎಳೆಯಬೇಡಿ, ಸೂತ್ರ ಬರೆಯಿರಿ.

11 ಬಂದಿದ್ದರೆ

ಮೊದಲ ಕಂಬಸಾಲಿನಲ್ಲಿ 2ರ ಕೆಳಗೆ 3 ಇದೆ. ಒಂದು ಜಾಸ್ತಿ. ಹಾಗಾದರೆ 10ಕ್ಕೂ ಒಂದು ಜಾಸ್ತಿ, 11. ಎರಡನೇ ಕಂಬಸಾಲಿನಲ್ಲಿ ಎರಡು ಜಾಸ್ತಿ, ಮೂರನೆಯದರಲ್ಲಿ ಮೂರು ಜಾಸ್ತಿ ಅಂತ ನೋಡಿದ್ದರೆ ಇದು ಬರುತ್ತಿರಲಿಲ್ಲ.

ಇದಕ್ಕೆ ನಾನು ಸೊನ್ನೆಯ ಪರೀಕ್ಷೆ ಮಾಡುತ್ತೇನೆ. ಚುರುಮುರಿ ಸೊನ್ನೆ ಬಟ್ಟಲು ಆದರೆ ಗೊಜ್ಜು ಎಷ್ಟು? ಅವನ ನಿಯಮದಂತೆ 1 ಚಮಚ. ಹುಡುಗ ಒಂದು ಕ್ಷಣ ಸುಮ್ಮನಿದ್ದು "ಬರೇ ಗೊಜ್ಜು ನೆಕ್ಕಬೇಕೇನ್ರಿ?" ಅಂದ. ಇಡೀ ಪಡಸಾಲೆ ನಕ್ಕಿತು. ಅವನು ಆಮೇಲೆ 11 ಬರೆದಿಲ್ಲ.

6.66 ಬಂದಿದ್ದರೆ

ಈ ಹುಡುಗನಿಗೆ ಗುಣಿಸಬೇಕು ಅಂತ ಗೊತ್ತಿದೆ. ಭಾಗಿಸಲೂ ಬರುತ್ತದೆ. ತಲೆಕೆಳಗು ಮಾಡಿದ್ದಾನೆ ಅಷ್ಟೆ: 10ನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿದ್ದಾನೆ. 3ರಿಂದ ಗುಣಿಸಿ 2ರಿಂದ ಭಾಗಿಸಬೇಕಿತ್ತು.

ವಿಚಿತ್ರ ಅಂದರೆ ಇದು ಹೆಚ್ಚಾಗಿ ಹುಷಾರು ಮಕ್ಕಳ ತಪ್ಪು. ಅಡ್ಡ ಗುಣಾಕಾರ ಬೇಗ ಕಲಿತು, ಯಾವ ಸಂಖ್ಯೆ ಎಲ್ಲಿ ಇಡಬೇಕು ಅಂತ ನೋಡದೆ ಹೊಡೆಯುವವರದು. ಇವರಿಗೆ ಲೆಕ್ಕಕ್ಕೆ ಕೈ ಹಾಕುವ ಮೊದಲೇ ಅಂದಾಜು ಹೇಳಿಸಿ. ಎಲ್ಲಾ ಕಂಬಸಾಲಿನಲ್ಲೂ ಗೊಜ್ಜಿನ ಸಂಖ್ಯೆ ಮೇಲಿನದಕ್ಕಿಂತ ದೊಡ್ಡದು. ಹಾಗಾದರೆ ಉತ್ತರ 10ಕ್ಕಿಂತ ದೊಡ್ಡದೋ ಸಣ್ಣದೋ? ಇಷ್ಟು ಕೇಳಿದರೆ 6.66 ತಾನೇ ಉದುರುತ್ತದೆ.

ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಹುಡುಕುವ ಈ ಲೆಕ್ಕಕ್ಕೆ ಹಳಬರು ತ್ರೈರಾಶಿಕ ಅನ್ನುತ್ತಿದ್ದರು. 12ನೇ ಶತಮಾನದ ಭಾಸ್ಕರಾಚಾರ್ಯರು ಮೂರು ಹೆಸರು ಹೇಳುತ್ತಾರೆ: ಪ್ರಮಾಣ, ಫಲ, ಇಚ್ಛೆ. ಮೊದಲನೆಯದೂ ಕೊನೆಯದೂ ಒಂದೇ ಜಾತಿ, ನಡುವಿನದು ಬೇರೆ ಜಾತಿ. 6 ಬಟ್ಟಲು, 9 ಚಮಚ, 10 ಬಟ್ಟಲು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕು. 9 ಗುಣಿಸು 10, ಭಾಗಿಸು 6, ಉತ್ತರ 15. ಬಟ್ಟಲು-ಚಮಚ-ಬಟ್ಟಲು ಅಂತ ಬರೆಸಿದರೆ ತಲೆಕೆಳಗಾಗುವುದು ಮುಕ್ಕಾಲು ಪಾಲು ನಿಲ್ಲುತ್ತದೆ. ಸಂಖ್ಯೆಯ ಪಕ್ಕ ಹೆಸರು ಬರೆಯದೆ ಇರೋದೇ ಇದರ ಮೂಲ.

ಒಂದೇ ಲಕ್ಷಣ, ಎರಡು ಕಾರಣ

ಕೂಡಿಸಿ ತಪ್ಪು ಮಾಡುವವರೆಲ್ಲ ಒಂದೇ ಗುಂಪಿನವರಲ್ಲ. ಇದು ನನಗೆ ತುಂಬಾ ದಿನ ಹೊಳೆದಿರಲಿಲ್ಲ.

4ಕ್ಕೆ 6 ಆದರೆ 12ಕ್ಕೆ ಎಷ್ಟು ಅಂತ ಕೇಳಿ. "18 ರೀ" ಅಂತ ಥಟ್ಟನೆ ಬಂದರೆ ಆ ಮಗುವಿಗೆ ಪಟ್ಟು ಅಂದರೇನು ಅಂತ ಗೊತ್ತಿದೆ. ಅದೇ ಮಗು 4ಕ್ಕೆ 6 ಆದರೆ 10ಕ್ಕೆ ಎಷ್ಟು ಅಂದಾಗ 12 ಅನ್ನುತ್ತದೆ. ಯಾಕೆ? "ನಾಕರ ಮಗ್ಗ್ಯಾಗ ಹತ್ತು ಬರಂಗಿಲ್ಲಲ್ರಿ." ಮಗ್ಗಿಯಲ್ಲಿ ಸಿಗದಿದ್ದಾಗ ಕೈಗೆ ಸಿಕ್ಕ ಕೆಲಸ ಮಾಡುತ್ತದೆ, ಅದು ಕೂಡಿಸುವುದು. ಇಲ್ಲಿ ಅನುಪಾತದ ದೋಷ ಇಲ್ಲ. ಎರಡೂವರೆ ಪಟ್ಟು ಅನ್ನುವ ಮಾತು ಆ ಮಗುವಿಗೆ ಇನ್ನೂ ಸಲೀಸಾಗಿಲ್ಲ ಅಷ್ಟೆ.

ದಾರಿ ಎರಡು. ಒಂದು, ಸಣ್ಣ ಕಂಬಸಾಲಿಗೆ ಇಳಿದು ಮೇಲೆ ಹತ್ತುವುದು: 4ಕ್ಕೆ 6, ಅರ್ಧ ಮಾಡಿದರೆ 2ಕ್ಕೆ 3, ಐದು ಪಟ್ಟು ಮಾಡಿದರೆ 10ಕ್ಕೆ 15. ಇನ್ನೊಂದು, ಒಂದರ ಬೆಲೆಗೆ ಇಳಿಯುವುದು: 1 ಬಟ್ಟಲಿಗೆ ಒಂದೂವರೆ ಚಮಚ, 10ಕ್ಕೆ 15. ಶಾಲೆಯಲ್ಲಿ ಎರಡನೆಯದನ್ನೇ ಜಾಸ್ತಿ ಮಾಡಿಸುತ್ತಾರೆ. ನನಗೆ ಮೊದಲನೆಯದೇ ಇಷ್ಟ. ಅಂಗಡಿ, ಅಡುಗೆಮನೆ ಎಲ್ಲ ಕಡೆ ಜನ ಮಾಡೋದು ಹಾಗೆ. ಒಂದರ ಬೆಲೆಗೆ ಇಳಿದಾಗ ಕೆಲವು ಸಲ 0.4285 ಅಂತ ಮುಗಿಯದ ದಶಮಾಂಶ ಬಂದು ಮಕ್ಕಳು ಹೆದರುತ್ತಾರೆ.

12ಕ್ಕೂ 18 ಅನ್ನದೆ 14 ಅಂದರೆ ಅದು ನಿಜವಾದ ಕೂಡಿಸುವ ದೋಷ. ಮೇಲೆ 13ಕ್ಕೆ ಹೇಳಿದ ಮದ್ದಿಗೆ ವಾಪಸ್ ಹೋಗಿ.

ನಲವತ್ತು ಪೈಸೆಗೆ ಬ್ಯಾಡಗಿ ಮೆಣಸಿನಕಾಯಿ

ಬೇರೆ ಕೋಷ್ಟಕ. ದರ ಲೆಕ್ಕಕ್ಕೆ ಹಿಡಿದದ್ದು, ಪೇಟೆ ದರ ಅಂದುಕೊಳ್ಳಬೇಡಿ.

| ಬ್ಯಾಡಗಿ ಮೆಣಸಿನಕಾಯಿ | 250 ಗ್ರಾಂ | 1 ಕಿಲೋ | 1 ಕ್ವಿಂಟಲ್ |
|---|---|---|---|
| ಬೆಲೆ (ರೂಪಾಯಿ) | 100 | ? | ? |

ಕಿಲೋಗೆ 0.40 ಅಂತ ಬರೆದಿದ್ದ ಒಬ್ಬ. ನಲವತ್ತು ಪೈಸೆ. ಕ್ವಿಂಟಲ್‌ಗೂ ಅದೇ ನಲವತ್ತು ಪೈಸೆ! ಹಾವೇರಿ ಜಿಲ್ಲೆಯ ರೈತರು ಕೇಳಿದರೆ ಏನಂದಾರು. ದೋಷ ಎಲ್ಲಿದೆ ಅಂತ ನೋಡಲು ಅವನ 1ನ್ನು ಹಿಡಿಯಿರಿ. 250ರಿಂದ 1ಕ್ಕೆ ಇಳಿಯಲು 250ರಿಂದ ಭಾಗಿಸಿದ್ದಾನೆ. ಸಂಖ್ಯೆ ನೋಡಿದ, ಪಕ್ಕದ ಅಕ್ಷರ ನೋಡಲಿಲ್ಲ.

ಲೆಕ್ಕಕ್ಕೆ ಮುಂಚೆ ಇಡೀ ಮೇಲಿನ ಸಾಲನ್ನು ಒಂದೇ ಅಳತೆಗೆ ತರಬೇಕು. 250, 1000, 1,00,000 ಗ್ರಾಂ. ಆಗ 400 ಮತ್ತು 40,000 ಬರುತ್ತದೆ. ಉತ್ತರ ನೂರು ಪಟ್ಟು, ಸಾವಿರ ಪಟ್ಟು ಹಿಂದುಮುಂದಾಗಿದ್ದರೆ ಬೇರೆ ಏನನ್ನೂ ನೋಡಬೇಡಿ, ಅಳತೆಯನ್ನೇ ನೋಡಿ. ಕೂಡಿಸುವ ತಪ್ಪು ಇಷ್ಟು ದೂರ ಎಸೆಯುವುದು ಅಪರೂಪ.

ಈ 40,000 ನೋಟ್‌ಬುಕ್ಕಿನಲ್ಲಿ ಸರಿ. ಬ್ಯಾಡಗಿ ಪೇಟೆಯಲ್ಲಿ ಸರಿ ಇರಬೇಕು ಅಂತಿಲ್ಲ. ಕಿರಾಣಿ ಅಂಗಡಿಯ ಕಾಲು ಕಿಲೋ ದರದಲ್ಲಿ ಕ್ವಿಂಟಲ್ ಯಾರೂ ಕೊಳ್ಳುವುದಿಲ್ಲ. "ದರ ಎಲ್ಲ ಕಡೆ ಒಂದೇ" ಅಂತ ಪ್ರಶ್ನೆಯಲ್ಲಿ ಬರೆದಿದ್ದರೆ ಮಾತ್ರ ಈ ಖಾನೆ ತುಂಬಬಹುದು.

ಒಟ್ಟು ಅನ್ನುವ ಸಾಲು

ಇದು ನನ್ನದೇ ತಪ್ಪು. ಕಂಪೌಂಡ್ ಗೋಡೆಗೆ ಗಿಲಾವು ಮಾಡಿಸುವಾಗ ಸಿಮೆಂಟ್ 1, ಉಸುಕು 4 ಅಂತ ಗೌಂಡಿ ಕಾಕಾ ಹೇಳಿದರು. ಒಟ್ಟು 35 ಬುಟ್ಟಿ ಒಣ ಮಾಲು ಬೇಕಿತ್ತು. ನಾನು ಲೆಕ್ಕದ ಟೀಚರ್ ಅಲ್ವಾ, ಬಾಗಿಲಲ್ಲಿ ನಿಂತೇ 35ನ್ನು 4ರಿಂದ ಭಾಗಿಸಿ "ಸಿಮೆಂಟ್ 9 ಬುಟ್ಟಿಗೆ ಸ್ವಲ್ಪ ಕಡಿಮೆ" ಅಂದೆ. ಕಾಕಾ ನಕ್ಕರು. "ಇಷ್ಟು ಕಲಸಿದ್ರ ಮಾಲು ಉಳೀತೈತ್ರಿ ಅಕ್ಕಾರ."

| ಸಿಮೆಂಟ್ (ಬುಟ್ಟಿ) | 1 | 2 | ? |
|---|---|---|---|
| ಉಸುಕು (ಬುಟ್ಟಿ) | 4 | 8 | ? |
| ಒಟ್ಟು | 5 | 10 | 35 |

ಮೂರನೇ ಸಾಲು ಬರೆದಿದ್ದರೆ ನಾನು ತಪ್ಪುತ್ತಿರಲಿಲ್ಲ. 5ರಿಂದ 35ಕ್ಕೆ ಏಳು ಪಟ್ಟು. ಸಿಮೆಂಟ್ 7, ಉಸುಕು 28. ನಾನು 35ನ್ನು ಉಸುಕಿನ ಸಾಲಿನಲ್ಲಿ ಇಟ್ಟುಬಿಟ್ಟಿದ್ದೆ. ಲಕ್ಷಣ ಏನು ಅಂದರೆ, ಉತ್ತರ ವಾಪಸ್ ಕೂಡಿಸಿದಾಗ ಒಟ್ಟು ಹೊಂದುವುದಿಲ್ಲ: 8.75 ಮತ್ತು 35 ಸೇರಿ 43.75. ಪ್ರಶ್ನೆಯಲ್ಲಿ "ಒಟ್ಟು", "ಎಲ್ಲಾ ಸೇರಿ", "ಇಬ್ಬರಿಗೂ ಸೇರಿ" ಅಂತ ಕಂಡರೆ ಮೊದಲು ಒಂದು ಸಾಲು ಗೀಚಿಕೊಳ್ಳಿ. ಒಣ ಮಾಲು ಅಂತ ಬರೆದದ್ದು ಬೇಕಂತಲೇ. ನೀರು ಬಿದ್ದ ಮೇಲೆ ಮಾಲು ಕುಗ್ಗುತ್ತದೆ, ಆಗ ಬುಟ್ಟಿ ಎಣಿಸಿದರೆ 35 ಬರುವುದಿಲ್ಲ.

ಇದು ಅನುಪಾತದ ಕೋಷ್ಟಕವೇ ಹೌದಾ?

ಮೇಲಿನ ಯಾವುದರಲ್ಲೂ ದೋಷ ಸಿಗಲಿಲ್ಲ ಅಂದರೆ ಕೋಷ್ಟಕದ ಮೇಲೇ ಅನುಮಾನ ಪಡಬೇಕು.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. 6 ಜನ ಹೆಂಗಸರು 4 ತಾಸಿನಲ್ಲಿ ಮುಗಿಸುವ ರಾಶಿಯನ್ನು 8 ಜನ ಎಷ್ಟು ತಾಸಿನಲ್ಲಿ ಮುಗಿಸುತ್ತಾರೆ? ಗಿರ್ಮಿಟ್ ಲೆಕ್ಕದಂತೆ ಮಾಡಿದರೆ 5.33 ತಾಸು. ಜನ ಹೆಚ್ಚಾದ ಹಾಗೆ ಕೆಲಸ ತಡವಾಯಿತು ಅಂತ ಅರ್ಥ. ಕೆಲವು ಮನೆಗಳಲ್ಲಿ ಹಾಗೂ ಆಗುತ್ತದೆ, ಅದು ಬೇರೆ ಮಾತು. ಇಲ್ಲಿ ಭಾಗಿಸಿದರೆ ಬರುವ ಸಂಖ್ಯೆ ಎಲ್ಲ ಕಡೆ ಒಂದೇ ಇರುವುದಿಲ್ಲ, ಗುಣಿಸಿದರೆ ಬರುವುದು ಒಂದೇ ಇರುತ್ತದೆ: 6 ಗುಣಿಸು 4 ಅಂದರೆ 24. 8 ಜನಕ್ಕೆ 3 ತಾಸು. ಇದು ವಿಲೋಮ ಅನುಪಾತ. ಒಂದು ಏರಿದರೆ ಇನ್ನೊಂದು ಏರುತ್ತದೋ ಇಳಿಯುತ್ತದೋ ಅಂತ ಬಾಯಲ್ಲಿ ಹೇಳಿಸದೆ ಪೆನ್ ಮುಟ್ಟಲು ಬಿಡಬೇಡಿ.

ಆಟೋ ಮೀಟರು ಇನ್ನೊಂದು ಬಗೆ. ಮೊದಲು ಒಂದು ಕನಿಷ್ಠ ದರ, ಆಮೇಲೆ ಕಿಲೋಮೀಟರ್‌ಗೆ ಇಷ್ಟು ಅಂತ. ದೂರ ಎರಡು ಪಟ್ಟಾದರೆ ಬಾಡಿಗೆ ಎರಡು ಪಟ್ಟಾಗುವುದಿಲ್ಲ. ಸೊನ್ನೆಯ ಪರೀಕ್ಷೆ ಇದನ್ನೂ ಹಿಡಿಯುತ್ತದೆ: ಹತ್ತಿ ಕೂತರೇ ಮೀಟರಿನಲ್ಲಿ ದುಡ್ಡು ಕಾಣುತ್ತದೆ.

ಆಮೇಲೆ ಅಚ್ಚಿನ ತಪ್ಪು. ಒಂದು ಅಭ್ಯಾಸ ಹಾಳೆಯಲ್ಲಿ ಹೀಗಿತ್ತು.

| 3 | 5 | 8 | 12 | 15 |
|---|---|---|---|---|
| 12 | 20 | 30 | 48 | ? |

ಒಬ್ಬ ಹುಡುಗ 56.25 ಬರೆದಿದ್ದ. ನಾನು ಉತ್ತರ ನೋಡಿ ಕೆಂಪು ಗೆರೆ ಎಳೆದೆ, 60 ಅಂತ ಬರೆದೆ. ಅವನು ಬಿಡಲಿಲ್ಲ, 8 ಮತ್ತು 30ರಿಂದ ಲೆಕ್ಕ ಮಾಡಿ ತೋರಿಸಿದ. ಅವನ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಎಲ್ಲಾ ಕಂಬಸಾಲುಗಳಲ್ಲೂ ಕೆಳಗಿನದನ್ನು ಮೇಲಿನದರಿಂದ ಭಾಗಿಸಿ ನೋಡಿದಾಗ 4, 4, 3.75, 4 ಬಂತು. 30 ಇರುವಲ್ಲಿ 32 ಇರಬೇಕಿತ್ತು. ಮೂರು ಜನ ಒಂದು ಮಾತು ಹೇಳಿ ಒಬ್ಬ ಬೇರೆ ಹೇಳಿದರೆ ಆ ಒಬ್ಬನನ್ನು ವಿಚಾರಿಸಬೇಕು. ಎರಡೇ ತುಂಬಿದ ಕಂಬಸಾಲು ಇದ್ದು ಅವು ಜಗಳ ಆಡುತ್ತಿದ್ದರೆ ಯಾರು ಸುಳ್ಳು ಅಂತ ಹೇಳಲು ಬರುವುದಿಲ್ಲ, ಪ್ರಶ್ನೆ ವಾಪಸ್ ಕಳಿಸಿ. ಅವತ್ತು ಆ ಹುಡುಗನ ಕೆಂಪು ಗೆರೆಯನ್ನು ನಾನೇ ರಬ್ಬರಿನಿಂದ ಉಜ್ಜಿದೆ. ಹೋಗಲಿಲ್ಲ, ಪೆನ್ನಿನದು.

280

ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರಲ್ಲಿ ಶುರುವಾದದ್ದು. ಅಲ್ಲೇ ರಾಷ್ಟ್ರಧ್ವಜ ತಯಾರಾಗುತ್ತದೆ. ನಮ್ಮ ಮಕ್ಕಳು ಅದರ ಮುಂದೆಯೇ ನಡೆದು ಬರುತ್ತಾರೆ. ಹಾಗಾಗಿ ಒಂದು ಆಗಸ್ಟ್‌ನಲ್ಲಿ ಧ್ವಜದ ಅಳತೆಯನ್ನೇ ಕೋಷ್ಟಕ ಮಾಡಿ ಕೊಟ್ಟೆ. ಉದ್ದಕ್ಕೂ ಎತ್ತರಕ್ಕೂ ಅನುಪಾತ 3:2. ಅಳತೆ ಒಂಬತ್ತು: ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಎತ್ತರ. ಸಣ್ಣದು ಮೇಜಿನ ಮೇಲೆ ಇಡುವ 150 ಉದ್ದ, 100 ಎತ್ತರದ್ದು. ಎತ್ತರದ ಖಾನೆಗಳನ್ನು ಖಾಲಿ ಬಿಟ್ಟಿದ್ದೆ. ಎಲ್ಲರೂ ಸರಿಯಾಗಿ ತುಂಬಿದರು. ಖುಷಿಯಾಗಿ ಮೂರನೇ ಸಾಲು ಸೇರಿಸಿದೆ, ಅಶೋಕ ಚಕ್ರದ ವ್ಯಾಸ.

| ಉದ್ದ (ಮಿ.ಮೀ.) | 3600 | 1800 | 900 | 1350 |
|---|---|---|---|---|
| ಎತ್ತರ (ಮಿ.ಮೀ.) | 2400 | 1200 | 600 | 900 |
| ಚಕ್ರ (ಮಿ.ಮೀ.) | 740 | 370 | 185 | ? |

900ರಿಂದ 1350 ಒಂದೂವರೆ ಪಟ್ಟು. 185ರ ಒಂದೂವರೆ ಪಟ್ಟು 277.5. ಎಲ್ಲರದೂ ಅದೇ ಬಂತು, ಒಬ್ಬ ಹುಡುಗಿಯದು ಬಿಟ್ಟು. ಅವಳು 280 ಬರೆದಿದ್ದಳು. ಅಂದಾಜಿಗೆ ಬರೆದಿದ್ದಾಳೆ, 277.5ನ್ನು ಹತ್ತರ ಲೆಕ್ಕಕ್ಕೆ ಏರಿಸಿದ್ದಾಳೆ ಅಂದುಕೊಂಡೆ. ಲಕ್ಷಣ ಕೇಳಬೇಕು ಅಂತ ಇಷ್ಟು ಹೊತ್ತು ಉಪದೇಶ ಮಾಡಿದವಳು ನಾನೇ ಕೇಳದೆ ಗೆರೆ ಎಳೆದೆ.

"ಲೆಕ್ಕ ಮಾಡಿಲ್ರಿ" ಅಂದಳು. "ನಮ್ಮವ್ವ 280 ಅಂತ ಹೇಳ್ಯಾಳ್ರಿ." ಅವಳ ತಾಯಿ ಧ್ವಜದ ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ.

ಅವತ್ತು ರಾತ್ರಿ ಒಂಬತ್ತೂ ಅಳತೆ ಬರೆದುಕೊಂಡು ಕೂತೆ. ಚಕ್ರದ ವ್ಯಾಸಗಳು 1295, 740, 555, 370, 280, 185, 90, 40, 25. 6300ಕ್ಕೆ 1295, 3600ಕ್ಕೆ 740, 2700ಕ್ಕೆ 555, 1800ಕ್ಕೆ 370, 900ಕ್ಕೆ 185: ಈ ಐದೂ ಒಂದೇ ಅನುಪಾತ, ಚೂರೂ ಆಚೀಚೆ ಇಲ್ಲ. ಉಳಿದ ನಾಲ್ಕು ಹೊಂದುವುದಿಲ್ಲ. 1350ಕ್ಕೆ ಲೆಕ್ಕ 277.5 ಅನ್ನುತ್ತದೆ, ನಿಗದಿಯಾದದ್ದು 280. 450ಕ್ಕೆ 92.5 ಬದಲು 90. ದೊಡ್ಡವರ ಕಾರಿಗೆ ಕಟ್ಟುವ 225ರ ಧ್ವಜಕ್ಕೆ 46.25 ಬದಲು 40. ಮೇಜಿನ ಧ್ವಜಕ್ಕೆ ಸುಮಾರು 31 ಬದಲು 25. ಮೊದಲ ಎರಡು ಸಾಲು ಒಂಬತ್ತು ಕಡೆಯೂ ಪಕ್ಕಾ ಅನುಪಾತ. ಮೂರನೇ ಸಾಲು ಐದು ಕಡೆ ಅನುಪಾತದ ಹಾಗೆ ಕಾಣುತ್ತದೆ, ನಾಲ್ಕು ಕಡೆ ಅಲ್ಲ. ನಾನು ಆರಿಸಿಕೊಂಡ ಮೂರು ಕಂಬಸಾಲೂ ಹೊಂದುವ ಐದರಲ್ಲೇ ಬಿದ್ದಿದ್ದವು. ಭಾಗಿಸಿ ನೋಡುವ ಪರೀಕ್ಷೆ ಮಾಡಿದ್ದರೂ ಸಿಕ್ಕಿಬೀಳುತ್ತಿರಲಿಲ್ಲ.

ಮರುದಿನ ಅವಳ ನೋಟ್‌ಬುಕ್ ಇಸಿದುಕೊಂಡು ಗೆರೆಯ ಪಕ್ಕ ಸರಿ ಗುರುತು ಹಾಕಿದೆ. ಉಳಿದವರ 277.5ಕ್ಕೂ ಸರಿ ಗುರುತು ಹಾಕಿ, ಪ್ರಶ್ನೆಯ ಮುಂದೆ ನನ್ನದೇ ಕೈಬರಹದಲ್ಲಿ ತಪ್ಪು ಗುರುತು ಹಾಕಿದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. 280ರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ 277.5 ಅಂತ ಬರೆದು, "ಅವ್ವಗ ತೋರಸ್ತೇನ್ರಿ" ಅಂತ ಚೀಲಕ್ಕೆ ಹಾಕಿಕೊಂಡಳು.